ರಿಪೇರಿ ಮಾಡಿಸಿದರೂ ಮರಳಿ ಬರುವ ದೋಷ: ಹಳೇ ಕಾರಿನವರಿಗೆ ಒಂದು ಕೈಪಿಡಿ

ಸೆಕೆಂಡ್ ಹ್ಯಾಂಡ್ ಕಾರು ಇಟ್ಟುಕೊಂಡವರ ಬಾಯಲ್ಲಿ ಒಂದು ಮಾತು ಜಾಸ್ತಿ ಕೇಳಿಬರುತ್ತದೆ. "ರಿಪೇರಿ ಮಾಡಿಸಿದೆ, ಸ್ವಲ್ಪ ದಿನ ಸರಿ ಇತ್ತು, ಈಗ ಮತ್ತೆ ಅದೇ ರಾಗ." ಒಬ್ಬರಿಗೆ ಬ್ಯಾಟರಿ ಕಾಟ, ಇನ್ನೊಬ್ಬರಿಗೆ ಹೀಟಿಂಗ್, ಮತ್ತೊಬ್ಬರಿಗೆ ನಡುದಾರಿಯಲ್ಲಿ ಆಫ್ ಆಗುವ ಎಂಜಿನ್. ಬಹಳಷ್ಟು ಸಲ ಆಗಿರುವುದು ಇಷ್ಟೇ: ಕೆಟ್ಟ ಭಾಗವನ್ನು ಬದಲಿಸಿದ್ದಾರೆ, ಅದು ಯಾಕೆ ಕೆಟ್ಟಿತು ಅಂತ ಯಾರೂ ಹುಡುಕಿಲ್ಲ.

ಹಾಗಾಗಿ ಏನನ್ನೂ ಬಿಚ್ಚುವ ಮೊದಲು ಕಾರಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಡಿ. ದೋಷ ಕಾಣಿಸಿದಾಗಲೆಲ್ಲ ಬರೆಯಿರಿ. ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ? ಮಳೆ ಇತ್ತಾ? ಎಷ್ಟು ವೇಗದಲ್ಲಿದ್ದಿರಿ? ಟ್ಯಾಂಕಿನಲ್ಲಿ ಇಂಧನ ಎಷ್ಟಿತ್ತು? ಎಸಿ ಓಡುತ್ತಿತ್ತಾ? ತಿರುವಿನಲ್ಲಿ ಆಯಿತೋ ನೇರ ರಸ್ತೆಯಲ್ಲೋ? ಬಂದು ಹೋಗುವ ದೋಷವನ್ನು ಹಿಡಿಯಲು ಇದಕ್ಕಿಂತ ಒಳ್ಳೆ ಉಪಕರಣ ಇಲ್ಲ, ಇದಕ್ಕೆ ಖರ್ಚೂ ಇಲ್ಲ.

ಕೈ ಹಾಕುವ ಮುಂಚೆ

ಬಿಸಿ ರೇಡಿಯೇಟರಿನ ಕ್ಯಾಪ್ ತೆಗೆಯಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಬರೀ ಜಾಕ್ ಮೇಲೆ ನಿಂತಿರುವ ಕಾರಿನ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಬೇಕೇ ಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಕೀ ತೆಗೆದ ಮೇಲೂ ಕೆಲವು ಕಾರುಗಳ ಫ್ಯಾನ್ ತಾನಾಗಿ ತಿರುಗುತ್ತದೆ, ಕೈ ಮತ್ತು ಬಟ್ಟೆ ದೂರವಿರಲಿ. ಬ್ಯಾಟರಿಯ ಹತ್ತಿರ ಬೆಂಕಿ, ಕಿಡಿ ಬೇಡ. ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ.

ಮೂರು ಲಕ್ಷಣ ಕಂಡರೆ ಕಾರನ್ನು ಅಲ್ಲೇ ಪಕ್ಕಕ್ಕೆ ನಿಲ್ಲಿಸಿ: ಓಡುವಾಗ ಹತ್ತಿದ ಕೆಂಪು ಆಯಿಲ್ ದೀಪ, ಕೆಂಪು ಗೆರೆ ದಾಟಿದ ಟೆಂಪರೇಚರ್ ಮುಳ್ಳು, ನೆಲದವರೆಗೆ ಇಳಿದುಹೋಗುವ ಬ್ರೇಕ್ ಪೆಡಲ್. "ಮನೆ ಹತ್ರಾನೇ ಇದೆ, ಹೋಗಿಬಿಡೋಣ" ಅನ್ನುವ ಮಾತು ಈ ಮೂರಕ್ಕೂ ಸಲ್ಲದು. ಆಯಿಲ್ ಒತ್ತಡ ಇಲ್ಲದೆ ಒಂದೆರಡು ನಿಮಿಷ ಓಡಿದರೂ ಸಾಕು, ಬೇರಿಂಗ್‌ಗಳು ಹೋಗಿ ಎಂಜಿನ್ ಪೂರ್ತಿ ಇಳಿಸಬೇಕಾದೀತು.

ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ

ಮೊದಲು ಕೀ ತಿರುಗಿಸಿ ಶಬ್ದ ಕೇಳಿ. "ಟಿಕ್ ಟಿಕ್ ಟಿಕ್" ಅಂತ ಬೇಗ ಬೇಗ ಬಡಿದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಒಂದೇ ಒಂದು "ಟಕ್" ಬಂದು ಸುಮ್ಮನಾದರೆ ಸೆಲ್ಫ್ ಮೋಟರ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಅಥವಾ ಅದಕ್ಕೆ ಹೋಗುವ ದಪ್ಪ ವೈರಿನ ಮೇಲೆ ಅನುಮಾನ. ದೀಪಗಳೆಲ್ಲ ಜೋರಾಗಿ ಉರಿಯುತ್ತಿವೆ, ಶಬ್ದವೇ ಇಲ್ಲ ಅಂದರೆ ಇಗ್ನಿಷನ್ ಸ್ವಿಚ್, ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್), ಕ್ಲಚ್ ಅಥವಾ ಗೇರಿನ ಸುರಕ್ಷತಾ ಸ್ವಿಚ್ ನೋಡಬೇಕು. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ ಆದರೆ ಎಂಜಿನ್ ಹಿಡಿಯುವುದಿಲ್ಲವೇ? ಹಾಗಾದರೆ ಬ್ಯಾಟರಿ ಬಿಟ್ಟುಬಿಡಿ. ಅದು ಇಂಧನ ಅಥವಾ ಕಿಡಿಯ ಸಮಸ್ಯೆ.

ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ಬ್ಯಾಟರಿ ಟರ್ಮಿನಲ್ ಹಿಡಿದು ಕೈಯಿಂದ ತಿರುಗಿಸಿ ನೋಡಿ. ಅಲುಗಾಡಿದರೆ ಬಿಗಿ ಮಾಡಿ, ಸ್ಟಾರ್ಟ್ ಮಾಡಿ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ತಂತಿ ಬ್ರಷ್‌ನಿಂದ ಉಜ್ಜಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಆಮೇಲೆ ಮಲ್ಟಿಮೀಟರ್. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ಪೂರ್ತಿ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕಡಿಮೆ ಅಂದರೆ ಖಾಲಿಯಾದಂತೆಯೇ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ತುಂಬಿದ ಬ್ಯಾಟರಿಯೂ ಹಾಗೆ ಬಿದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. 13 ಕೂಡ ದಾಟದಿದ್ದರೆ ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ನೋಡಿ, ಏಕೆಂದರೆ ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರ್ ತಾನೇ ಚಾರ್ಜಿಂಗ್ ತಗ್ಗಿಸುತ್ತದೆ. ಆಗಲೂ ಏರದಿದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಅಥವಾ ಅದರ ಬೆಲ್ಟ್ ನೋಡಿ. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಹೊಸ ಬ್ಯಾಟರಿ ಹಾಕಿದರೆ ಅದನ್ನೂ ಕುದಿಸಿ ಹಾಳು ಮಾಡುತ್ತದೆ.

ಎರಡು ಬ್ಯಾಟರಿ ಬದಲಿಸಿಯೂ ಬೆಳಿಗ್ಗೆ ಕಾರು ಏಳುವುದಿಲ್ಲ ಅನ್ನುವವರು ಎಷ್ಟೋ ಜನ ಇದ್ದಾರೆ. ಅಂಥವರು ನೋಡಬೇಕಾದದ್ದು ಕಾರು ನಿಂತಿರುವಾಗ ಕರೆಂಟ್ ಎಲ್ಲಿ ಸೋರುತ್ತಿದೆ ಎಂಬುದನ್ನು. ಲೆಕ್ಕ ಹಾಕಿ ನೋಡಿ. ಡಿಕ್ಕಿಯ 5 ವ್ಯಾಟ್ ದೀಪ ಆರದೆ ಉಳಿದರೆ ಸುಮಾರು 0.4 ಆಂಪಿಯರ್ ಕರೆಂಟ್ ಎಳೆಯುತ್ತಲೇ ಇರುತ್ತದೆ, ದಿನಕ್ಕೆ ಸುಮಾರು 10 ಆಂಪಿಯರ್-ಅವರ್. 40 ಆಂಪಿಯರ್-ಅವರ್ ಬ್ಯಾಟರಿ ಎರಡು ಮೂರು ದಿನದಲ್ಲಿ ಸೆಲ್ಫ್ ಹೊಡೆಯಲಾರದ ಸ್ಥಿತಿಗೆ ಬರುತ್ತದೆ. ಡಿಕ್ಕಿ ದೀಪ ಆರುತ್ತದೋ ಇಲ್ಲವೋ ತಿಳಿಯಲು ಫೋನಿನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಬಾಗಿಲು ಮುಚ್ಚಿ. ಗ್ಲೋವ್ ಬಾಕ್ಸ್‌ಗೂ ಅದೇ ಉಪಾಯ.

ದೀಪ ಸರಿ ಇದ್ದರೆ ಮೀಟರನ್ನು 10 ಆಂಪಿಯರ್ ಗುರುತಿಗೆ ಇಟ್ಟು, ಮೈನಸ್ ಟರ್ಮಿನಲ್ ಬಿಚ್ಚಿ, ಬ್ಯಾಟರಿಗೂ ವೈರಿಗೂ ನಡುವೆ ಜೋಡಿಸಿ. ಬಾಗಿಲುಗಳೆಲ್ಲ ಮುಚ್ಚಿರಲಿ, ಕೀ ಕಾರಿನಿಂದ ದೂರ ಇರಲಿ. ಅರ್ಧ ಗಂಟೆಗಿಂತ ಜಾಸ್ತಿ ಕಾಯಿರಿ. ಒಳಗಿನ ಕಂಪ್ಯೂಟರ್‌ಗಳು ಮಲಗಲು ಅಷ್ಟು ಹೊತ್ತು ಬೇಕು. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಅಂಕಿ ದಡಕ್ಕನೆ ಇಳಿಯುತ್ತದೋ ಸೋರಿಕೆ ಆ ಸಾಲಿನಲ್ಲಿದೆ. ಮೀಟರ್ ಹೀಗೆ ಜೋಡಿಸಿರುವಾಗ ಸ್ಟಾರ್ಟ್ ಮಾಡಲು ಹೋಗಬೇಡಿ, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಹಿಂದಿನ ಮಾಲೀಕರು ಹೊರಗಿನಿಂದ ಹಾಕಿಸಿದ ವಸ್ತುಗಳ ಮೇಲೆ: ಸ್ಟೀರಿಯೊ, ಅಲಾರಂ, ಟ್ರ್ಯಾಕರ್, ಹೆಚ್ಚುವರಿ ದೀಪ. ವೈರ್ ಕತ್ತರಿಸಿ, ಟೇಪ್ ಸುತ್ತಿ, ಫ್ಯೂಸ್ ಇಲ್ಲದೆ ನೇರ ಬ್ಯಾಟರಿಗೆ ಕೊಟ್ಟಿರುತ್ತಾರೆ. ಇದು ಬ್ಯಾಟರಿಯನ್ನು ಖಾಲಿ ಮಾಡುವುದಷ್ಟೇ ಅಲ್ಲ, ಬೆಂಕಿಗೂ ದಾರಿ. ಎಲ್ಲ ಫ್ಯೂಸ್ ತೆಗೆದರೂ ಸೋರಿಕೆ ನಿಲ್ಲಲಿಲ್ಲವೆಂದರೆ ಆಲ್ಟರ್ನೇಟರಿನ ಒಳಗಿನ ಡಯೋಡ್ ಹೋಗಿರಬಹುದು. ಅಲ್ಲಿಂದ ಮುಂದೆ ಆಟೋ ಎಲೆಕ್ಟ್ರಿಷಿಯನ್ ಕೆಲಸ.

ಇನ್ನೊಂದು ಮರೆತುಹೋಗುವ ಜಾಗ ಅರ್ಥ್ ವೈರ್, ಅಂದರೆ ಬ್ಯಾಟರಿಯ ಮೈನಸ್ಸಿನಿಂದ ಎಂಜಿನ್ನಿಗೂ ಬಾಡಿಗೂ ಹೋಗುವ ವೈರ್. ಬ್ಯಾಟರಿ ಹೊಸದು, ಸೆಲ್ಫ್ ಮೋಟರೂ ಹೊಸದು, ಆದರೂ ಎಂಜಿನ್ ಒಲ್ಲದ ಮನಸ್ಸಿನಿಂದ ತಿರುಗುತ್ತದೆ. ಆಗ ಜಂಪರ್ ಕೇಬಲ್‌ನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಕೊಟ್ಟು ಸ್ಟಾರ್ಟ್ ಮಾಡಿ. ತಟ್ಟನೆ ಹೊಡೆದರೆ ಹಳೇ ಅರ್ಥ್ ವೈರ್ ಒಳಗೇ ತುಕ್ಕು ಹಿಡಿದಿದೆ ಎಂದರ್ಥ. ಒಂದು ವೈರ್ ಬದಲಿಸಿದರೆ ಮುಗಿಯುವ ಕೆಲಸ.

ಓಡುತ್ತಾ ಓಡುತ್ತಾ ಆಫ್ ಆಗುತ್ತದೆ, ತಣ್ಣಗಾದರೆ ಏನೂ ಆಗಿಲ್ಲದಂತೆ ಸ್ಟಾರ್ಟ್ ಆಗುತ್ತದೆ

ಮಾಲೀಕರನ್ನು ಅತಿ ಹೆಚ್ಚು ಸುಸ್ತು ಮಾಡುವ ದೋಷ ಇದು. ಮೆಕ್ಯಾನಿಕ್ ಹತ್ತಿರ ಒಯ್ಯುವ ಹೊತ್ತಿಗೆ ಗಾಡಿ ಸರಿಯಾಗಿರುತ್ತದೆ, ಅವರು "ಏನೂ ಇಲ್ವಲ್ಲ" ಅನ್ನುತ್ತಾರೆ.

ಮೊದಲು ಜೀವದ ಮಾತು. ಎಂಜಿನ್ ನಿಂತ ಕೂಡಲೇ ಸ್ಟೀರಿಂಗ್ ಭಾರವಾಗುತ್ತದೆ. ಬ್ರೇಕ್‌ಗೆ ಒಂದೆರಡು ಸಲ ಮಾತ್ರ ನೆರವು ಸಿಗುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಹಾಗಾಗಿ ಪೆಡಲ್ ಪದೇ ಪದೇ ತುಳಿಯದೆ ಒಂದೇ ಸಮನೆ ಒತ್ತಿ ಹಿಡಿದು ಪಕ್ಕಕ್ಕೆ ಬನ್ನಿ. ಕಾರು ಪೂರ್ತಿ ನಿಲ್ಲುವವರೆಗೆ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ.

ನಿಂತ ಕಾರಿನಲ್ಲೇ ಮೂರು ಪರೀಕ್ಷೆ ಮಾಡಬಹುದು. ಪೆಟ್ರೋಲ್ ಕಾರಾದರೆ ಇಂಧನದ ಮುಚ್ಚಳ ನಿಧಾನವಾಗಿ ತೆಗೆಯಿರಿ. ಜೋರಾಗಿ ಗಾಳಿ ಒಳಕ್ಕೆ ಎಳೆದುಕೊಂಡು, ಆಮೇಲೆ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿ ದಾರಿ ಕಟ್ಟಿಕೊಂಡಿದೆ. ಎರಡನೆಯದು, ಕೀ ಆನ್ ಮಾಡಿ ಹಿಂದಿನ ಸೀಟಿನ ಹತ್ತಿರ ಕಿವಿಗೊಡಿ. ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಒಂದೆರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಬರಬೇಕು. ಬರದಿದ್ದರೆ ಪಂಪ್, ರಿಲೇ ಅಥವಾ ಫ್ಯೂಸ್. ಟ್ಯಾಂಕ್ ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವವರಿಗೆ ಪಂಪ್ ಬೇಗ ಹೋಗುತ್ತದೆ, ಪಂಪನ್ನು ತಣ್ಣಗಿಡುವುದು ಟ್ಯಾಂಕಿನ ಇಂಧನವೇ. ಮೂರನೆಯದು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ. ಅನೇಕ ಕಾರುಗಳಲ್ಲಿ ಅದು ಸ್ವಲ್ಪವಾದರೂ ಏಳುತ್ತದೆ. ದೋಷ ಇಲ್ಲದ ದಿನ ಏಳುವ ಮುಳ್ಳು ಇವತ್ತು ಸೊನ್ನೆಯಲ್ಲೇ ಕೂತಿದ್ದರೆ ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಬಲವಾದ ಅನುಮಾನ. ಈ ಸೆನ್ಸರ್ ಬಿಸಿಗೆ ಕೈಕೊಟ್ಟು, ತಣ್ಣಗಾದಾಗ ಮತ್ತೆ ಸರಿಹೋಗುವುದು ಹಳೇ ಕಾರುಗಳಲ್ಲಿ ಮಾಮೂಲಿ. ಈ ಮೂರರ ಉತ್ತರ ಬರೆದುಕೊಂಡು ಹೋದರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂತೆ.

ಡೀಸೆಲ್ ಆದರೆ ಇಂಧನ ಫಿಲ್ಟರ್ ಮತ್ತು ಪೈಪಿಗೆ ಗಾಳಿ ನುಗ್ಗುವುದನ್ನು ಮೊದಲು ನೋಡಿ. ಪಾರದರ್ಶಕ ಪೈಪ್ ಇದ್ದರೆ ಗುಳ್ಳೆ ಕಾಣಿಸುತ್ತದೆ. ಆದರೆ ಕಾಮನ್ ರೇಲ್ (ಈಚಿನ ಡೀಸೆಲ್ ಕಾರುಗಳ ಅಧಿಕ ಒತ್ತಡದ ಇಂಧನ ವ್ಯವಸ್ಥೆ) ಎಂಜಿನ್ನಿನ ಲೋಹದ ಇಂಜೆಕ್ಟರ್ ಪೈಪ್ ಸಡಿಲಿಸಬೇಡಿ. ಅಲ್ಲಿ 1000 ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ನೇರ ಆಸ್ಪತ್ರೆಗೆ ಹೋಗಿ.

ಎಂಜಿನ್ ಪದೇ ಪದೇ ಹೀಟ್ ಆಗುತ್ತದೆ

ಇಲ್ಲೂ "ಯಾವಾಗ" ಅನ್ನುವುದೇ ಮುಖ್ಯ. ಟ್ರಾಫಿಕ್‌ನಲ್ಲಿ ಹೀಟ್ ಆಗಿ, ಓಡಿಸಿದಾಗ ಇಳಿದರೆ ಫ್ಯಾನ್ ಕಡೆ ನೋಡಿ. ಹೆದ್ದಾರಿಯಲ್ಲಿ, ಏರಿನಲ್ಲಿ ಹೀಟ್ ಆದರೆ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸರಿಯಾಗಿ ಸುತ್ತುತ್ತಿಲ್ಲ. ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ ಮುಳ್ಳು ಮೇಲೇರಿ, ರೇಡಿಯೇಟರಿನ ಮೇಲಿನ ಹೋಸ್ ಸುಡುತ್ತಾ ಕೆಳಗಿನದು ತಣ್ಣಗಿದ್ದರೆ ಬಿಸಿಯಾದಾಗ ಕೂಲಂಟಿಗೆ ದಾರಿ ತೆರೆಯಬೇಕಾದ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ.

ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ. ಕಡಿಮೆಯಾಗಿದ್ದರೆ ಎಲ್ಲೋ ಹೋಗಿದೆ. ತುಂಬಿಸಿ ಸುಮ್ನೆ ಓಡಿಸುವುದೇ ದೋಷ ಮರಳಿ ಬರಲು ಕಾರಣ. ಹೋಸ್‌ಗಳ ಸಂದು, ರೇಡಿಯೇಟರಿನ ಅಂಚು, ವಾಟರ್ ಪಂಪಿನ ಕೆಳಭಾಗ ಇವುಗಳಲ್ಲಿ ಒಣಗಿದ ಬಣ್ಣದ ಕಲೆ ಹುಡುಕಿ. ಕಾರಿನ ಒಳಗೆ ಸಿಹಿ ವಾಸನೆ ಬಂದು ಗಾಜು ಮಬ್ಬಾದರೆ ಹೀಟರ್ ಕೋರ್ (ಹೀಟರಿನ ಪುಟ್ಟ ರೇಡಿಯೇಟರ್) ಸೋರುತ್ತಿದೆ. ಆಮೇಲೆ ಕ್ಯಾಪ್. ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು 20 ಡಿಗ್ರಿಯಷ್ಟು ಮೇಲೇರಿಸುವುದು ಈ ಸಣ್ಣ ಮುಚ್ಚಳವೇ. ಅದರ ರಬ್ಬರ್ ಒಣಗಿದ್ದರೆ ಬೇರೆಲ್ಲ ಸರಿಯಿದ್ದರೂ ಕೂಲಂಟ್ ಕುದಿದು ಹೊರಚೆಲ್ಲುತ್ತದೆ. ಫ್ಯಾನ್ ಪರೀಕ್ಷೆ ಸುಲಭ: ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ಸ್ವಲ್ಪ ಹೊತ್ತಿನಲ್ಲೇ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಕೊನೆಗೆ ಮೋಟರ್.

ಇಷ್ಟೆಲ್ಲ ಸರಿಯಿದ್ದೂ, ಹೊರಗೆ ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಬಗ್ಗೆ ಯೋಚಿಸಬೇಕು. ಎಂಜಿನ್ ಓಡುವಾಗ ಕೂಲಂಟ್ ಡಬ್ಬದಲ್ಲಿ ನಿಲ್ಲದ ಗುಳ್ಳೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆಸಿದಂಥ ಆಯಿಲ್ ಇವು ಅದರ ಗುರುತು. ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಬಿಳಿ ನೊರೆ ಕಂಡರೆ ಗಾಬರಿ ಬೇಡ. ಬರೀ ಹತ್ತಿರದ ಓಡಾಟದ ಕಾರುಗಳಲ್ಲಿ ತೇವಾಂಶಕ್ಕೂ ಹಾಗಾಗುತ್ತದೆ. "ಹೆಡ್ ಇಳಿಸಬೇಕು" ಅಂದ ಕೂಡಲೇ ಒಪ್ಪಬೇಡಿ. ಕೂಲಂಟ್‌ನಲ್ಲಿ ಹೊಗೆಯ ಅಂಶ ಇದೆಯಾ ಎಂದು ನೋಡುವ ದ್ರವದ ಪರೀಕ್ಷೆ ಇದೆ. ಹೊಗೆ ತಾಕಿದರೆ ನೀಲಿ ದ್ರವ ಪೆಟ್ರೋಲ್ ಎಂಜಿನ್ನಿನಲ್ಲಿ ಹಳದಿಯಾಗುತ್ತದೆ. ಅದನ್ನು ಮೊದಲು ಮಾಡಿಸಿ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ. ಚೆಲ್ಲಿದ ಕೂಲಂಟನ್ನು ಹಾಗೇ ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಮಕ್ಕಳಿಗೂ ನಾಯಿ ಬೆಕ್ಕಿಗೂ ಅದು ವಿಷ.

ಐಡ್ಲಿಂಗ್‌ನಲ್ಲಿ ನಡುಕ, ಮಿಸ್ಸಿಂಗ್, ಚೆಕ್ ಎಂಜಿನ್ ದೀಪ

ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದೆಯೋ ಮಿನುಗುತ್ತಿದೆಯೋ ನೋಡಿ. ಉರಿಯುತ್ತಿದ್ದು, ಗಾಡಿ ಮಾಮೂಲಿನಂತೆ ಓಡುತ್ತಿದ್ದರೆ ನಿಧಾನವಾಗಿ ಹೋಗಿ ತೋರಿಸಬಹುದು. ಮಿನುಗುತ್ತಿದ್ದರೆ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತದಿರುವುದು) ಆಗಿ, ಸುಡದ ಇಂಧನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕೆಂಡವಾಗಿಸುತ್ತಿದೆ. ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಿ.

ಕಾರಿನ ಕಂಪ್ಯೂಟರ್ ದಾಖಲಿಸುವ ದೋಷದ ಕೋಡ್ ಓದುವ ಬ್ಲೂಟೂತ್ ಸ್ಕ್ಯಾನರ್ ಒಂದನ್ನು ಕೊಂಡಿಟ್ಟುಕೊಳ್ಳಿ ಎಂದು ಹಳೇ ಕಾರಿನ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಆದರೆ ಕೋಡ್ ಹೇಳುವುದು ಲಕ್ಷಣವನ್ನು ಮಾತ್ರ, ಯಾವ ಭಾಗ ಬದಲಿಸಬೇಕು ಎಂಬುದನ್ನಲ್ಲ. ಪಿ 0171 ಬಂದರೆ "ಮಿಶ್ರಣದಲ್ಲಿ ಗಾಳಿ ಜಾಸ್ತಿ" ಎಂದಷ್ಟೇ ಅರ್ಥ. ತುಂಬ ಜನ ತಕ್ಷಣ ಆಕ್ಸಿಜನ್ ಸೆನ್ಸರ್ ಬದಲಿಸುತ್ತಾರೆ. ಬಿರುಕುಬಿಟ್ಟ ವ್ಯಾಕ್ಯೂಮ್ ಹೋಸ್, ಕೊಳೆಯಾದ ಗಾಳಿ ಸೆನ್ಸರ್ ಹಾಗೇ ಉಳಿಯುತ್ತವೆ, ಕೋಡ್ ಮತ್ತೆ ಬರುತ್ತದೆ. ಪಿ 0302 ಬಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಭಾಗ) ಇದ್ದರೆ, ಎಂಜಿನ್ ಆಫ್ ಮಾಡಿ, ಎರಡನೆಯದರ ಕಾಯಿಲ್ ಮೂರನೆಯದಕ್ಕೆ, ಮೂರನೆಯದರದ್ದು ಎರಡನೆಯದಕ್ಕೆ ಹಾಕಿ ಓಡಿಸಿ. ಈಗ ಪಿ 0303 ಬಂದರೆ ಕಾಯಿಲ್ ಹೋಗಿದೆ. 0302 ಅಲ್ಲೇ ಉಳಿದರೆ ಸ್ಪಾರ್ಕ್ ಪ್ಲಗ್, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ.

ಕೋಡ್ ಇಲ್ಲ, ನಡುಕ ಮಾತ್ರ ಇದೆ, ಸ್ವಲ್ಪ ರೇಸ್ ಕೊಟ್ಟರೆ ನಿಲ್ಲುತ್ತದೆ ಅಂದರೆ ಎಂಜಿನ್ ಮೌಂಟಿನ ರಬ್ಬರ್ ಹೋಗಿರಬಹುದು, ಇಲ್ಲವೇ ಥ್ರಾಟಲ್ ಬಾಡಿ ಕೊಳೆಯಾಗಿದೆ.

ಹೊಗೆ, ನೆಲದ ಮೇಲಿನ ಕಲೆ

ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೆ ವಾಲ್ವ್ ಸೀಲ್, ರೇಸ್ ಕೊಟ್ಟಾಗ ಬಂದರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ. ಕಪ್ಪು ಹೊಗೆಗೆ ಏರ್ ಫಿಲ್ಟರಿನಿಂದ ಶುರು ಮಾಡಿ. ನೆಲದ ಕಲೆ ತಿಳಿಯಲು ರಾತ್ರಿ ಕೆಳಗೆ ಒಂದು ರಟ್ಟು ಹಾಸಿ. ಬರೀ ನೀರು ಎಸಿಯದ್ದು. ಕಂದು ಅಥವಾ ಕಪ್ಪು ಬಣ್ಣದ ಜಿಡ್ಡು ಎಂಜಿನ್ ಆಯಿಲ್. ಹಸಿರು, ಗುಲಾಬಿ ಬಣ್ಣ ಕೂಲಂಟ್. ಚಕ್ರದ ಒಳಮೈಯಲ್ಲಿ ತಿಳಿಯಾದ ಜಿಡ್ಡು ಕಂಡರೆ ಬ್ರೇಕ್ ಆಯಿಲ್, ಕಾರು ತೆಗೆಯಬೇಡಿ. ಪೆಟ್ರೋಲ್ ವಾಸನೆ ಬಂದರೂ ಹಾಗೇ.

ಬ್ರೇಕ್ ಮತ್ತು ಕೆಳಗಿನ ಸದ್ದುಗಳು

ಬ್ರೇಕ್ ಒತ್ತಿದಾಗ ಕೀರಲು ಸದ್ದು ಬಂದರೆ ಪ್ಯಾಡ್ ಸವೆದಿದೆ, ಕರಕರ ಲೋಹದ ಸದ್ದು ಬಂದರೆ ಪ್ಯಾಡ್ ಮುಗಿದೇ ಹೋಗಿದೆ. ಪ್ಯಾಡ್ ಹೊಸದು ಹಾಕಿದರೂ ಒಂದೇ ಕಡೆಯದು ಬೇಗ ಸವೆಯುತ್ತಿದ್ದರೆ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಸಿಕ್ಕಿಹಾಕಿಕೊಂಡಿದೆ. ಸ್ವಲ್ಪ ದೂರ ಓಡಿಸಿ, ಪ್ರತಿ ಚಕ್ರದ ಹತ್ತಿರ ಮುಟ್ಟದೆ ಕೈ ಹಿಡಿದು ನೋಡಿ. ಒಂದರಿಂದ ಮಾತ್ರ ಕಾವು ಜೋರಾಗಿ ಬರುತ್ತದೆ. ಪೆಡಲ್ ಮೆತ್ತಗಾಗಿದ್ದರೆ ಗಾಳಿ ಸೇರಿದೆ ಅಥವಾ ಎಲ್ಲೋ ಸೋರುತ್ತಿದೆ. ಇದನ್ನು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಸುಮಾರು 2 ವರ್ಷಕ್ಕೊಮ್ಮೆ ಬದಲಿಸಬೇಕು. ಹಿಂದಿನ ದಾಖಲೆ ಇಲ್ಲದ ಕಾರಾದರೆ ಈಗಲೇ ಬದಲಿಸಿ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಓಡಿಸುವಾಗ ಕಟಕಟ ಅಂದರೆ ಆಕ್ಸಲ್‌ನ ಸಿವಿ ಜಾಯಿಂಟ್ (ಚಕ್ರ ತಿರುಗಿದಾಗಲೂ ಅದಕ್ಕೆ ಶಕ್ತಿ ಮುಟ್ಟಿಸುವ ಕೀಲು). ಗುಂಡಿಯಲ್ಲಿ ಇಳಿದಾಗ ಟಕ್ ಅಂದರೆ ಲಿಂಕ್ ರಾಡ್, ಬುಷ್, ಬಾಲ್ ಜಾಯಿಂಟ್. ವೇಗದ ಜೊತೆ ಏರುವ ಗುಂಯ್ ಸದ್ದು ಬಲಕ್ಕೆ ವಾಲಿಸಿದಾಗ ಹೆಚ್ಚಿದರೆ ಸಾಮಾನ್ಯವಾಗಿ ಎಡಗಡೆ ಚಕ್ರದ ಬೇರಿಂಗ್, ಎಡಕ್ಕೆ ವಾಲಿಸಿದಾಗ ಹೆಚ್ಚಿದರೆ ಬಲಗಡೆಯದು. ಬಾಲ್ ಜಾಯಿಂಟ್ ಮತ್ತು ಬೇರಿಂಗ್ ವಿಷಯದಲ್ಲಿ ತಡ ಮಾಡಬೇಡಿ, ಚಕ್ರ ಕೈಬಿಟ್ಟುಹೋಗುವ ಅಪಾಯ ಇದೆ.

ಮೆಕ್ಯಾನಿಕ್ ಹತ್ತಿರ ಹೋಗುವಾಗ

"ಬ್ಯಾಟರಿ ಹೋಗಿದೆ, ಬದಲಿಸಿ" ಅಂದರೆ ಅವರು ಬದಲಿಸಿ ಕೊಡುತ್ತಾರೆ, ಅದು ಅವರ ತಪ್ಪಲ್ಲ. "ಎರಡು ದಿನ ನಿಂತರೆ ಸ್ಟಾರ್ಟ್ ಆಗಲ್ಲ, ದಿನಾ ಓಡಿಸಿದರೆ ಆಗುತ್ತೆ, ನಿಂತಾಗ ಇಷ್ಟು ಕರೆಂಟ್ ಎಳೀತಿದೆ" ಎಂದು ಹೇಳಿ. ನೋಟ್‌ಬುಕ್ ತೋರಿಸಿ. ಸದ್ದಿನ ದೂರಾದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ. ಬದಲಿಸಿದ ಹಳೇ ಭಾಗ ವಾಪಸ್ ಕೇಳಿ, ಅದು ಯಾಕೆ ಕೆಟ್ಟಿತು ಎಂದೂ ಕೇಳಿ.

ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್ನಿನ ಜೊತೆ ತಾಳ ತಪ್ಪದಂತೆ ಓಡಿಸುವ ಬೆಲ್ಟ್) ಇರುವ ಎಂಜಿನ್ನಾಗಿದ್ದು, ಅದನ್ನು ಯಾವಾಗ ಬದಲಿಸಿದ್ದೆಂಬ ದಾಖಲೆ ಇಲ್ಲದಿದ್ದರೆ ಬೇರೆ ಯಾವ ರಿಪೇರಿಗಿಂತಲೂ ಮೊದಲು ಅದನ್ನು ಬದಲಿಸಿ. ಬೆಲ್ಟ್ ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ, ಅದಕ್ಕೆ ಮುನ್ಸೂಚನೆ ಹೆಚ್ಚಾಗಿ ಇರುವುದಿಲ್ಲ. ವಾಟರ್ ಪಂಪ್ ಅದೇ ಬೆಲ್ಟಿನಿಂದ ಓಡುತ್ತಿದ್ದರೆ ಅದನ್ನೂ ಜೊತೆಗೇ ಹಾಕಿಸಿ, ಬಿಚ್ಚುವ ಕೂಲಿ ಒಂದೇ ಸಲ ಆಗುತ್ತದೆ.

ರಿಪೇರಿ ಆದ ಮೇಲೆ, ದೋಷ ಮೊದಲು ಕಾಣಿಸಿಕೊಂಡ ಸ್ಥಿತಿಯಲ್ಲೇ ಓಡಿಸಿ ನೋಡಿ. ಬಿಸಿಯಲ್ಲಿ ನಿಲ್ಲುತ್ತಿದ್ದ ಕಾರನ್ನು ಚೆನ್ನಾಗಿ ಬಿಸಿ ಮಾಡಿ, ಮಳೆಯಲ್ಲಿ ಮಿಸ್ ಹೊಡೆಯುತ್ತಿದ್ದುದನ್ನು ಮಳೆಯಲ್ಲಿ, ಏರಿನಲ್ಲಿ ಹೀಟ್ ಆಗುತ್ತಿದ್ದುದನ್ನು ಅದೇ ಏರಿನಲ್ಲಿ ಎಸಿ ಹಾಕಿಕೊಂಡು. ಅಲ್ಲಿಯವರೆಗೆ ನೋಟ್‌ಬುಕ್‌ನ ಆ ಪುಟಕ್ಕೆ ಟಿಕ್ ಹಾಕಬೇಡಿ, ದೂರದ ಪ್ರಯಾಣಕ್ಕೂ ಆ ಕಾರು ತೆಗೆಯಬೇಡಿ.